ಮುತ್ಯಾನಿಗೆ ನಾನು ಕಲಿಸಿದ ಮಾತು

ಮೊನ್ನೆ ಮೊಮ್ಮಗಳು ಫೋನಿನಲ್ಲಿ ಗೆಳತಿಯೊಡನೆ ಹರಟುತ್ತ, ನನ್ನ ಕಡೆ ಕಣ್ಣು ಹಾಯಿಸಿ, ‘ನಮ್ಮಜ್ಜ ಫುಲ್ ವಿಂಟೇಜ್’ ಎಂದು ನಕ್ಕಳು. ಹಾಗಂದರೇನೆಂದು ಕೇಳಿದೆ. ಹಳತಾದಷ್ಟೂ ಬೆಲೆ ಏರುವ ವಸ್ತುವಿಗೆ ಹಾಗನ್ನುತ್ತಾರಂತೆ. ಹೊಗಳಿಕೆಯೇ ಇರಬಹುದು. ಹಲ್ಲು ಕಿರಿದೆ, ಆದರೆ ಅಂದು ಊಟ ಸೇರಲಿಲ್ಲ. ಯಾಕೆಂದು ನಿಮಗೆ ಹೇಳಿಬಿಡುತ್ತೇನೆ. ಈ ವಯಸ್ಸಿನಲ್ಲಿ ಯಾರೂ ಕಪಾಳಕ್ಕೆ ಹೊಡೆಯಲಿಕ್ಕಿಲ್ಲವೆಂಬ ಧೈರ್ಯವೂ ಇದೆ.

ಎಪ್ಪತ್ತರ ದಶಕ. ಆಲಮಟ್ಟಿಯ ಕಾಲುವೆ ಕಚೇರಿಯಲ್ಲಿ ನಕ್ಷೆ ತಿದ್ದುವ ಕೆಲಸ ಸಿಕ್ಕಿ, ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಬೆಲ್‌ಬಾಟಮ್ ಹೊಲಿಸಿದ್ದೆ. ಅದು ಗೊಳಸಂಗಿಯ ನಮ್ಮೋಣಿಯ ಧೂಳನ್ನೆಲ್ಲ ಗುಡಿಸುತ್ತಿತ್ತು ಎಂಬುದು ಬೇರೆ ಮಾತು. ಕಚೇರಿಯ ಹಿಂದೆ, ಬೇವಿನ ಗಿಡದ ಕೆಳಗೆ, ಕೆಲಸಕ್ಕೆ ಬಾರದೆಂದು ಬರೆದುಹಾಕಿದ ಜೀಪುಗಳು ತುಕ್ಕು ಹಿಡಿದು ನಿಂತಿದ್ದವು. ಇಂಗ್ಲಿಷಿನ ‘ಕಂಡೆಮ್ಡ್’ ಅನ್ನು ಮುರಿದು ಅವಕ್ಕೆ ‘ಕಂಡಂ’ ಎನ್ನುತ್ತಿದ್ದರು. ಹುಡುಗರಾದ ನಮಗೆ ಆ ಮಾತು ಸಿಕ್ಕಿದ್ದೇ ತಡ, ಹರಿದ ಚಪ್ಪಲಿ ಕಂಡಂ, ಮೆಸ್ಸಿನ ಸಾರು ಕಂಡಂ, ನಿವೃತ್ತಿಗೆ ಬಂದ ಹೆಡ್ ಕ್ಲಾರ್ಕಂತೂ ಕಂಡಮ್ಮಿಗಿಂತ ಕಂಡಂ.

ನಮ್ಮ ಮುತ್ಯಾ, ಅಂದರೆ ಅಪ್ಪನ ಅಪ್ಪ, ಹೊಸ ಮಾತಿನ ಹುಚ್ಚ. ಬಾಗೇವಾಡಿ ಸಂತೆಯಿಂದ ಉಳಿದವರು ಚುರುಮುರಿ ತಂದರೆ ಆತ ಒಂದು ಮಾತು ತರುತ್ತಿದ್ದ. ‘ಅರ್ಜೆಂಟ್’ ಕಲಿತ ವಾರ ಎಮ್ಮೆಗೂ ಅರ್ಜೆಂಟ್ ನೀರು ಕುಡಿಸಿದ. ಓದು ಬರದವನಿಗೆ ಹೊಸ ಕಾಲದ ಜೊತೆ ಮಾತು ಬಿಡಬಾರದೆಂಬ ಆಸೆ. ಅದು ನನಗೆ ಈಗ ಅರ್ಥವಾಗುತ್ತದೆ, ಆಗ ನಗು ಬರುತ್ತಿತ್ತು.

ಒಂದು ರವಿವಾರ ಕಚೇರಿಯ ಗೆಳೆಯನನ್ನು ಮನೆಗೆ ಕರೆತಂದಿದ್ದೆ. ಮುತ್ಯಾ ತನ್ನ ಕಾಲದ ಜೋಡೆತ್ತಿನ ಕತೆ ಹಿಡಿದ, ಮುಗಿಯಲೊಲ್ಲದು. ಗೆಳೆಯ ಆಕಳಿಸಿದ. ನನಗೆ ಅವಮಾನವಾದಂತಾಗಿ, ‘ಕಂಡಂ ಪೀಸು, ಬಿಡು’ ಎಂದು ಪಿಸುಗುಟ್ಟಿದೆ. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಮುತ್ಯಾನ ಕಿವಿ ಚುರುಕು.

“ಕಂಡಂ ಅಂದ್ರ ಏನೋ ತಮ್ಮಾ?”

“ಬಾಳ ದಿನ ದುಡದು ಮರ್ಯಾದಿ ಗಳಿಸಿದ ಹಿರ್ಯಾರಿಗೆ ಹಂಗಂತಾರು, ಮುತ್ಯಾ,” ಎಂದೆ.

ಆತ ಅದನ್ನು ಎರಡು ಸಲ ಬಾಯಲ್ಲಿ ಹೊರಳಿಸಿ, ಸರಿಯಾಗಿ ಅಂದೆನೇ ಎಂದು ನನ್ನನ್ನೇ ಕೇಳಿದ. ಸರಿಯಾಗಿದೆ ಎಂದೆ.

ಆ ವರ್ಷವೇ ತಂಗಿ ನೀಲವ್ವನ ನಿಶ್ಚಯ. ದೇವಣಗಾಂವದಿಂದ ಬೀಗರು ಬಂದು ಪಡಸಾಲೆ ತುಂಬ ಕುಳಿತಿದ್ದರು. ನಮ್ಮಲ್ಲಿ ಸಕ್ಕರೆ ಹಂಚುವ ಮೊದಲು ಮನೆಯ ಹಿರಿಯ ಬೀಗರ ಬಗ್ಗೆ ನಾಲ್ಕು ಒಳ್ಳೆಯ ಮಾತಾಡಬೇಕು. ಮುತ್ಯಾ ಹೊಸ ರುಮಾಲು ಸುತ್ತಿಕೊಂಡು ಎದ್ದು ನಿಂತ. ವರನ ಅಜ್ಜನ ಕಡೆ ಕೈ ಮಾಡಿ, “ಸಿಂದಗಿ ತಾಲೂಕಿನ್ಯಾಗ ಇಂಥಾ ಕಂಡಂ ಹಿರ್ಯಾರು ಇನ್ನೊಬ್ಬರಿಲ್ರಿ,” ಎಂದ.

ವರನ ಸೋದರಮಾವ ಬಸ್ಸು ರಿಪೇರಿ ಮಾಡುವವನು. ಮುಖ ಕೆಂಪಾಗಿ ಎದ್ದ. ಗುಜರಿಗೆ ಹಾಕುವ ಗಾಡಿಗೆ ಹಾಗನ್ನುತ್ತಾರೆ, ಮನೆಗೆ ಕರೆಸಿ ನಮ್ಮ ಹಿರಿಯರ ಮಾನ ಕಳೆಯುತ್ತೀರೇನು ಎಂದ. ಬೀಗರು ಒಬ್ಬೊಬ್ಬರಾಗಿ ಎದ್ದು ಚಪ್ಪಲಿ ಹುಡುಕತೊಡಗಿದರು. ಒಳಗೆ ಬಾಗಿಲ ಹಿಂದೆ ನೀಲವ್ವನ ಬಳೆಯ ಸಪ್ಪಳ ನಿಂತುಹೋಯಿತು.

ಮುತ್ಯಾ ನನ್ನ ಕಡೆ ನೋಡಿದ. ‘ಆ ಮಾತು ನಾನು ಕಲಿಸಿದ್ದು’ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಕಚೇರಿಯವರು ಬಂದಿದ್ದರು, ಊರವರು ಕೂತಿದ್ದರು. ನಾನು ಸಕ್ಕರೆ ತಟ್ಟೆಯನ್ನೇ ನೋಡುತ್ತ ಕುಳಿತೆ. ನಾಚಿಕೆಗೇಡಿ ಎಂದರೆ ನನ್ನಂಥವನೇ.

ಮುತ್ಯಾ ತಲೆಯ ಮೇಲಿನ ರುಮಾಲು ತೆಗೆದ. ಯಾರ ಮುಂದೆಯೂ ಬರಿದಲೆಯಲ್ಲಿ ನಿಲ್ಲದವನು. ಅದನ್ನು ವರನ ಅಜ್ಜನ ಕಾಲ ಬಳಿ ಇಟ್ಟು, “ತಪ್ಪು ನಂದ್ರಿ. ವಯಸ್ಸಾತು, ತಿಳೀದ ಮಾತಾಡಿದೆ. ಹುಡುಗಿ ಮ್ಯಾಲ ಸಿಟ್ಟಾಗಬ್ಯಾಡ್ರಿ,” ಎಂದ.

ಆ ಹಿರಿಯ ದೊಡ್ಡವನು. ರುಮಾಲು ಎತ್ತಿ ತಾನೇ ಮುತ್ಯಾನ ತಲೆಗೆ ಸುತ್ತಿದ. ಸಕ್ಕರೆ ಹಂಚಿದರು.

ಸಂಜೆ ಕಟ್ಟೆಯ ಮೇಲೆ ಮುತ್ಯಾ ನನ್ನನ್ನು ಕರೆದ. ಬೈಯಲಿಲ್ಲ. “ಆವತ್ತ ನೀವಿಬ್ರೂ ನಕ್ಕದ್ದು ನನಗೇನೋ?” ಎಂದಷ್ಟೇ ಕೇಳಿದ. ಎಮ್ಮೆಗೆ ನೀರು ಕುಡಿಸಬೇಕೆಂದು ನಾನು ಕಟ್ಟೆ ಇಳಿದೆ. ಆಮೇಲೆ ಬದುಕಿರುವವರೆಗೂ ಆತ ನನ್ನ ಬಳಿ ಯಾವ ಮಾತಿನ ಅರ್ಥವನ್ನೂ ಕೇಳಲಿಲ್ಲ.

ಮೊಮ್ಮಗಳು ನಕ್ಕ ಮರುದಿನವೇ ಸಿಂದಗಿ ಬಸ್ಸು ಹಿಡಿದು ದೇವಣಗಾಂವಕ್ಕೆ ಹೋದೆ. ನೀಲವ್ವ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಎದುರು ಕೂತು ಎಲ್ಲವನ್ನೂ ಹೇಳಿದೆ. ಇಷ್ಟು ವರ್ಷದ ಮೇಲೆ ನಕ್ಕು, ಹೋಗಲಿ ಬಿಡು ಎಂದಾಳು ಎಂಬ ಆಸೆಯಿತ್ತು, ಸುಳ್ಳೇಕೆ. ಅವಳ ಕೈ ಮೊರದಲ್ಲೇ ನಿಂತಿತು.

“ನನ್ನ ಲಗ್ನ ಕೆಡಸಾಕ ಹೊಂಟಿದ್ದ ಅಂತ ಮುತ್ಯಾನ ಮ್ಯಾಲ ಸಿಟ್ಟು ಹಿಡದಿದ್ದೆ, ಅಣ್ಣಾ. ಸಾಯೂ ಮುಂದ ನನ್ನ ನೋಡಬೇಕಂತ ಹೇಳಿ ಕಳಿಸಿದ್ದ. ಬೇಕಂತನ ಹೋಗಲಿಲ್ಲ ನಾನು.”

ಅತ್ತೆಮನೆಯವರು ಕಳಿಸಿರಲಿಕ್ಕಿಲ್ಲ ಎಂದೇ ನಾನು ತಿಳಿದಿದ್ದೆ. ಅವಳು ಮೊರ ಎತ್ತಿಕೊಂಡು ಒಳಗೆ ಹೋದಳು. ಕಡೆಯ ಬಸ್ಸಿನ ಹೊತ್ತಾಗುವವರೆಗೂ ಕಾದೆ; ಹೊರಗೆ ಬರಲಿಲ್ಲ.