ಮುಳುಗಿದ ಗುಡಿಗೆ ಸುತ್ತು ಹಾಕಿದ್ದು

ಬಾಗಲಕೋಟೆಯ ಹಿನ್ನೀರಿನ ದಂಡೆ ಹಿಡಿದು ನಾವಿಬ್ಬರೇ ದೋಣಿಯಲ್ಲಿ ತಿರುಗಿ ಬರೋಣ ಎಂದವನು ನನ್ನ ಗಂಡ. ಅಣೆಕಟ್ಟಿನ ನೀರಿಗೆ ಊರು ಮುಳುಗಿದ ಮೇಲೆ ನಮ್ಮ ಬಳಗವೆಲ್ಲ ದಂಡೆಗುಂಟ ಹೊಸ ಊರುಗಳಲ್ಲಿ ಚೆದುರಿಹೋಗಿದೆ. ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ರಾತ್ರಿ ಉಳಿದು ಮುಂದೆ ಹೋಗುವುದು ಅವನ ವಿಚಾರ. ದೋಣಿ ಸಣ್ಣದು, ಮೀನು ಹಿಡಿಯುವಂಥದ್ದು, ಹಿಂದೆ ಒಂದು ಮೋಟಾರು. ನನಗೆ ಈಜು ಬರುವುದಿಲ್ಲ. ಅವನಿಗೆ ಸಿಟ್ಟು ಬಿಟ್ಟರೆ ಬೇರೆ ಏನೂ ಬರುವುದಿಲ್ಲ. ಆದರೂ ಹೋದೆವು.

ಮೊದಲ ದಿನವೇ ಮೋಟಾರು ಹತ್ತಲಿಲ್ಲವೆಂದು ಅದನ್ನು ಬಡಿಗೆಯಿಂದ ಬಡಿದ. ಮರುದಿನ ರೊಟ್ಟಿಯ ಗಂಟು ತೊಯ್ದಿತೆಂದು ನನ್ನ ಮೇಲೆ ಕೈ ಎತ್ತಿದ. ನಾನು ದೋಣಿಯ ಹುಟ್ಟು ಎತ್ತಿದೆ. ಅವನು ಕೈ ಇಳಿಸಿದ. ಸುತ್ತಲೂ ನೀರಿತ್ತೆಂದು ಇಳಿಸಿದ, ಮನೆಯಲ್ಲಾಗಿದ್ದರೆ ಇಳಿಸುತ್ತಿರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ನಮ್ಮ ಹಳೇ ಊರಿನ ಮೇಲೆ ಬಂದೆವು. ಬೇಸಿಗೆಯಾಗಿ ನೀರು ಇಳಿದಿತ್ತು. ಹನುಮಪ್ಪನ ಗುಡಿಯ ಮುಂದಿದ್ದ ಅರಳಿಮರದ ಒಣ ಟೊಂಗೆಗಳು ನೀರಿನ ಮೇಲೆ ಎದ್ದಿದ್ದವು. ಗುಡಿ ತಗ್ಗಿನಲ್ಲಿದ್ದುದರಿಂದ ಇನ್ನೂ ಆಳದಲ್ಲೇ ಮುಳುಗಿತ್ತು. ಪಡುವಲದಲ್ಲಿ ಮೋಡ ಕಪ್ಪಾಗಿ ಗಾಳಿ ಏಳುತ್ತಿತ್ತು. ಸೀದಾ ಹೋದರೆ ಆಳವಾದ ನೀರು, ಬೇಗ ದಂಡೆ ಮುಟ್ಟಬಹುದಿತ್ತು. ಆದರೆ ನಮ್ಮೂರವರು ಯಾರೂ ಗುಡಿಯ ಮೇಲೆ ದೋಣಿ ಹಾಯಿಸುವುದಿಲ್ಲ. ದೇವರ ತಲೆ ತುಳಿದಂತಾಗುತ್ತದೆ ಎನ್ನುತ್ತಾರೆ. ಗುಡಿಯನ್ನು ಬಲಕ್ಕೆ ಬಿಟ್ಟು, ಮೊದಲು ಓಣಿಯಿದ್ದ ಕಡೆ ಸುತ್ತು ಹಾಕಿ ಹೋಗುತ್ತಾರೆ. ತುಂಬಿದ ನೀರಿನಲ್ಲಿ ಅದು ನಡೆಯುತ್ತದೆ, ಇಳಿದ ನೀರಿನಲ್ಲಲ್ಲ.

"ದೇವ್ರು ಹೊಸ ಊರಾಗ ಅದಾನ್ರಿ. ಇಲ್ಲಿ ಬರೇ ಕಲ್ಲು ಅದಾವ. ಸೀದಾ ಹೋಗ್ರಿ," ಎಂದೆ.

"ನಾ ಹುಟ್ಟಿದ ಓಣಿ ನನಗ ಗೊತ್ತಿಲ್ಲೇನ? ಬಾಯಿ ಮುಚ್ಚಕೊಂಡು ಕುಂಡ್ರ," ಎಂದು ಎಡಕ್ಕೆ ತಿರುಗಿಸಿದ.

ಓಣಿ ಅವನಿಗೆ ಗೊತ್ತಿತ್ತು. ನೀರಿನಡಿ ಗೌಡರ ಮನೆಯ ಕಲ್ಲುಗೋಡೆ ಇನ್ನೂ ಬಿದ್ದಿಲ್ಲವೆಂಬುದು ಗೊತ್ತಿರಲಿಲ್ಲ. ದೋಣಿ ಅದಕ್ಕೆ ಬಡಿದು ನಾನು ಮುಗ್ಗರಿಸಿ ಬಿದ್ದೆ, ಒಂದು ಹಲ್ಲು ಹೋಯಿತು. ಮೀನುಗಾರರು ಆ ಗೋಡೆಗೆ ಬಲೆ ಕಟ್ಟಿದ್ದರು. ಅದು ಮೋಟಾರಿನ ಫ್ಯಾನಿಗೆ ಸುತ್ತಿಕೊಂಡು ಮೋಟಾರು ದನದಂತೆ ಒದರತೊಡಗಿತು. ಬಂದ್ ಮಾಡಿರಿ ಎಂದೆ. ಬಂದ್ ಮಾಡಿದರೆ ಮತ್ತೆ ಹತ್ತುವುದಿಲ್ಲ ಎಂದು ಕುಡುಗೋಲು ಹಿಡಿದು ಬಗ್ಗಿದ. ಬಲೆ ಕೊಯ್ದ. ಫ್ಯಾನು ಬಿಟ್ಟುಕೊಂಡು ಗರ್ರನೆ ತಿರುಗಿತು.

ಅವನ ಬಲಗೈಯ ಮೂರು ಬೆರಳು ಎಲ್ಲಿ ಹೋದವೋ ನೋಡಲಿಲ್ಲ. ರಕ್ತ ನನ್ನ ಮುಖಕ್ಕೇ ಸಿಡಿಯಿತು. ಮೋಟಾರು ತಾನೇ ಕೆಟ್ಟು ನಿಂತಿತು. ಅವನ ಧೋತರ ಹರಿದು ಮಣಿಕಟ್ಟಿಗೆ ಸುತ್ತಿ, ಕುಡುಗೋಲಿನ ಹಿಡಿ ಸಿಕ್ಕಿಸಿ, ರಕ್ತ ನಿಲ್ಲುವ ತನಕ ಹುರಿ ಹೊಸೆದಂತೆ ತಿರುವಿದೆ. ಅವನು ನನ್ನ ತಾಯಿಯನ್ನೂ ಸೇರಿಸಿ ಬೈದ. ಬೈಯುವ ತನಕ ಜೀವ ಇದೆ ಎಂದುಕೊಂಡೆ.

ಆಮೇಲೆ ಬೈಯುವುದನ್ನು ನಿಲ್ಲಿಸಿದ. ಆಗ ನನಗೆ ಹೆದರಿಕೆಯಾಯಿತು. ಆಲಿಕಲ್ಲು ಮಳೆ ಸುರುವಾಗಿತ್ತು. ಅಲೆ ಎದ್ದು ದೋಣಿಯನ್ನು ಮತ್ತೆ ಮತ್ತೆ ಗೋಡೆಗೆ ಬಡಿಯುತ್ತಿತ್ತು. ನಾನು ಹುಟ್ಟು ಹಾಕಿದಷ್ಟೂ ಗಾಳಿ ಹಿಂದಕ್ಕೆ ತಳ್ಳಿತು. ಅವನ ಕಣ್ಣು ಮೇಲಾದವು. ಹುಟ್ಟು ಬಿಟ್ಟು ಕಪಾಳಕ್ಕೆ ಬಾರಿಸಿದೆ. ಮತ್ತೊಂದು ಬಾರಿಸಿದೆ.

"ಕಣ್ಣು ತಗಿ. ಇಲ್ಲೇ ಸತ್ತೀ ಅಂದ್ರ ನೀರಾಗ ಒಗದು ಹೋಗ್ತೇನಿ," ಎಂದೆ.

ಕಣ್ಣು ತೆರೆದ.

ಬಲೆಯ ಧಣಿಗಳಿಬ್ಬರು ತಮ್ಮ ದೋಣಿಯಲ್ಲಿ ಬಂದರು, ನಮ್ಮನ್ನು ಉಳಿಸಲಿಕ್ಕಲ್ಲ, ಹೊಡೆಯಲಿಕ್ಕೆ. ಒಬ್ಬ ಬಿದಿರು ಗಳ ಎತ್ತಿಕೊಂಡೇ ಬಂದಿದ್ದ. "ಬಲಿ ಯಾರಪ್ಪಂದಂತ ಕೊಯ್ದೀರಿ?" ಎಂದವನು ದೋಣಿಯೊಳಗೆ ನೋಡಿದ. ಗಳ ಇಳಿಸಿದ, ಬಾಯಿ ಇಳಿಸಲಿಲ್ಲ. ನಮ್ಮ ದೋಣಿಗೆ ಹಗ್ಗ ಬಿಗಿಯುತ್ತಲೂ ಬೈದ, ದಂಡೆಗೆ ಎಳೆಯುತ್ತಲೂ ಬೈದ, ಗಂಡನನ್ನು ಹೆಗಲ ಮೇಲೆ ಹೊತ್ತು ಕೆಸರಿನಲ್ಲಿ ಓಡುತ್ತಲೂ ಬೈದ. ಟೆಂಪೋದಲ್ಲಿ ಹಾಕಿದ ಮೇಲೆ, ಲಗೂ ಹೋಗ್ರಿ ಯಮ್ಮಾ ಎಂದ.

ಬಾಗಲಕೋಟೆಯ ದವಾಖಾನೆಯಲ್ಲಿ ಅವನನ್ನು ಒಳಗೆ ಒಯ್ದು ಬಾಗಿಲು ಹಾಕಿದರು. ರಕ್ತ ಭಾಳ ಹೋಗಿದೆ, ಈಗಲೇ ಏನೂ ಹೇಳಲಾಗುವುದಿಲ್ಲ ಎಂದರು. ಗೋಡೆಗೆ ಒರಗಿ ಕುಳಿತೆ. ದೇವರಿಗೆ ಹರಕೆ ಹೊರಲಿಲ್ಲ. ಆ ದಿನ ದೇವರ ಸಲುವಾಗಿ ಮಾಡಿದ್ದು ಸಾಕಾಗಿತ್ತು. ಕತ್ತಲಾಗುವ ಹೊತ್ತಿಗೆ ಡಾಕ್ಟರು ಹೊರಗೆ ಬಂದು, ಬೆರಳು ಹೋದವು, ಕೈ ಉಳಿಯಿತು, ಮನುಷ್ಯನೂ ಉಳಿದ ಎಂದರು.

ಆಗ ಹಸಿವಾಯಿತು. ರಸ್ತೆ ದಾಟಿ ತಿಂಡಿ ಗಾಡಿಯಲ್ಲಿ ಚುರಮುರಿ, ಮಿರ್ಚಿ ಭಜಿ ತೆಗೆದುಕೊಂಡು, ಹಲ್ಲು ಹೋದ ಕಡೆ ಬಿಟ್ಟು ಇನ್ನೊಂದು ಕಡೆ ಅಗಿದೆ. ಗಾಡಿಯವನು ನನ್ನ ಸೀರೆಯನ್ನೇ ನೋಡುತ್ತಿದ್ದ.

"ಯಮ್ಮಾ, ರಕ್ತ ಯಾರದ್ರಿ?"

"ನನ್ನ ಗಂಡಂದು."

ಅವನು ಮಿರ್ಚಿ ತೆಗೆಯುವ ಝಾರಿಯನ್ನು ಎಣ್ಣೆಯಲ್ಲೇ ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದ.

"ಬದುಕ್ಯಾನ, ಹೆದರಬ್ಯಾಡ. ಇನ್ನೆರಡು ಮಿರ್ಚಿ ಹಾಕು," ಎಂದೆ.