ಹನ್ನೆರಡೂವರೆಯ ಪಂಕ್ತಿ

ಮಾನ್ವಿಯಿಂದ ರಾಯಚೂರಿಗೆ ಹೋಗುವ ರಸ್ತೆಗೆ ಹತ್ತಿಕೊಂಡಿರುವ ಒಂದು ರೈಸ್ ಮಿಲ್ಲಿನಲ್ಲಿ ನಾಗರತ್ನಾ ಹದಿನಾಲ್ಕು ವರ್ಷದಿಂದ ಗೇಟ್ ಪಾಸ್ ಬರೆಯುತ್ತಿದ್ದಾಳೆ. ಒಳಗೆ ಬರುವ ಭತ್ತದ ಲಾರಿಗೊಂದು ಚೀಟಿ, ಹೊರಗೆ ಹೋಗುವ ಅಕ್ಕಿಯ ಲಾರಿಗೊಂದು ಚೀಟಿ. ಮೊದಲು ಕೈಯಿಂದ ಬರೆಯುತ್ತಿದ್ದಳು, ಈಗ ಕಂಪ್ಯೂಟರಿನಲ್ಲಿ. ನಲವತ್ತೆಂಟರ ಹೆಂಗಸು, ಕೆಲಸದಲ್ಲಿ ಕಟ್ಟುನಿಟ್ಟು, ಡ್ರೈವರುಗಳು ಅವಳ ಟೇಬಲ್ಲಿನ ಮುಂದೆ ಬೀಡಿ ಆರಿಸಿಯೇ ನಿಲ್ಲಬೇಕು. ಅಂಥವಳು ದಿನಾ ಮಧ್ಯಾಹ್ನ ಹನ್ನೆರಡೂವರೆಯಿಂದ ಎರಡರ ತನಕ ಆಫೀಸಿನ ಕಂಪ್ಯೂಟರಿನಲ್ಲಿ ಯೂಟ್ಯೂಬ್ ಹಚ್ಚಿಕೊಂಡು ಕೂಡುತ್ತಿದ್ದಳು ಎಂದರೆ ಯಾರೂ ನಂಬಲಿಕ್ಕಿಲ್ಲ. ಆದರೆ ಕೂಡುತ್ತಿದ್ದಳು. ಹನ್ನೊಂದು ತಿಂಗಳು, ಮಿಲ್ಲಿನ ಬಾಗಿಲು ತೆರೆದ ಯಾವ ದಿನವೂ ತಪ್ಪಿಸದೆ.

ನೋಡುತ್ತಿದ್ದದ್ದು ಧಾರಾವಾಹಿಯಲ್ಲ, ಅಡುಗೆ ಕಲಿಸುವವರನ್ನೂ ಅಲ್ಲ. ಮಂದಿ ಊಟ ಮಾಡುವುದನ್ನು ನೋಡುತ್ತಿದ್ದಳು. ದೇವದುರ್ಗದ ಆಚೆ ಹೊಳೆಯ ದಂಡೆಗೆ ಒಂದು ಮಠವಿದೆ. ಅಲ್ಲಿ ದಿನಾ ಮಧ್ಯಾಹ್ನ ದಾಸೋಹ, ಬಂದವರಿಗೆಲ್ಲ ಊಟ. ಹುಟ್ಟುಹಬ್ಬಕ್ಕೆಂದು, ಹಿರಿಯರ ನೆನಪಿಗೆಂದು ಒಂದೊಂದು ದಿನದ ಊಟಕ್ಕೆ ಕಾಣಿಕೆ ಕೊಡುವವರು ಊರೂರಲ್ಲಿದ್ದಾರೆ. ಅವರೆಲ್ಲ ಕೂತಲ್ಲೇ ನೋಡಿ ಪುಣ್ಯ ಕಟ್ಟಿಕೊಳ್ಳಲಿ ಎಂದು ಮಠದವರು ಊಟದ ಮನೆಯ ಬಾಗಿಲ ಮೇಲೆ ಕ್ಯಾಮೆರಾ ಇಟ್ಟು ಪಂಕ್ತಿಯನ್ನು ನೇರ ತೋರಿಸುತ್ತಾರೆ. ಊಟ ಮುಗಿದರೆ ಅದೂ ಮುಗಿಯಿತು, ಆಮೇಲೆ ಹುಡುಕಿದರೂ ಸಿಗುವುದಿಲ್ಲ. ಆ ಪಂಕ್ತಿಯಲ್ಲಿ ಎಂದಾದರೊಂದು ದಿನ ತನ್ನ ಗಂಡ ಬಂದು ಕೂತಾನು ಎಂದು ನಾಗರತ್ನಾ ಒಂದೊಂದೇ ಮುಖ ನೋಡುತ್ತ ಹೋಗುತ್ತಿದ್ದಳು. ಅವಳ ಮೊಬೈಲಿನಲ್ಲಿ ಆ ಮುಖಗಳು ಸಾಸಿವೆ ಕಾಳಿನಷ್ಟು ಕಾಣುತ್ತಿದ್ದವು, ಅದಕ್ಕೇ ಆಫೀಸಿನ ದೊಡ್ಡ ಪರದೆ.

ಗಂಡ ಬಸವಪ್ರಸಾದ ಊರೊಳಗೆ ಕಿರಾಣಿ ಅಂಗಡಿ ಇಟ್ಟಿದ್ದವನು. ಮೂರು ವರ್ಷದ ಕೆಳಗೆ ಸ್ಕೂಟರಿನಿಂದ ಬಿದ್ದು ತಲೆಗೆ ಪೆಟ್ಟಾಯಿತು. ಗಾಯ ಮಾಯಿತು, ಮಾತು ಮಾತ್ರ ಸೋರಿಹೋಗತೊಡಗಿತು. ಮೊದಲು ಗಿರಾಕಿಗಳ ಹೆಸರು ಮರೆತ, ಆಮೇಲೆ ಓಣಿಯ ಹೆಸರು, ಕೊನೆಗೆ ತನ್ನದೇ ಹೆಸರು. ಮಕ್ಕಳಿಲ್ಲದ ಮನೆ, ಅವನಿಗೆ ಅವಳು, ಅವಳಿಗೆ ಅವನು. ಕಳೆದ ಆಷಾಢದಲ್ಲಿ ನೆಂಟರ ಮನೆಗೆ ಹೋಗಿ ಬರುವಾಗ ದೇವದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಅವನನ್ನು ಕಟ್ಟೆಯ ಮೇಲೆ ಕೂಡಿಸಿ ಇವಳು ನೀರಿನ ಬಾಟಲಿ ತರಲು ಹೋದಳು. ತಿರುಗಿ ಬರುವುದರೊಳಗೆ ಕಟ್ಟೆ ಖಾಲಿ.

ಪೊಲೀಸರಿಗೆ ಬರೆದುಕೊಟ್ಟಳು, ರಾಯಚೂರಿನ ರೈಲ್ವೆ ಸ್ಟೇಷನ್ ತನಕ ಗೋಡೆಗಳಿಗೆ ಫೋಟೋ ಅಂಟಿಸಿದಳು. ಆ ಮಠಕ್ಕೂ ಮೊದಲ ವಾರವೇ ಹೋಗಿ ಪಂಕ್ತಿಯಿಂದ ಪಂಕ್ತಿಗೆ ಅಡ್ಡಾಡಿ ನೋಡಿದ್ದಳು, ಆಗ ಅವನು ಅಲ್ಲಿರಲಿಲ್ಲ. ದಿಕ್ಕಿಲ್ಲದವರು ಇವತ್ತಲ್ಲ ನಾಳೆ ಅನ್ನ ಇರುವ ಕಡೆಗೇ ಬರುತ್ತಾರೆ ಎಂದು ಅಲ್ಲಿ ಯಾರೋ ಅಂದರು. ಆ ಒಂದು ಮಾತು ಅವಳನ್ನು ಹಿಡಿದು ಕೂಡಿಸಿತು.

ಈ ಕಡೆ ಮಿಲ್ಲಿನಲ್ಲಿ ದಿನ ಬೆಳಗಾದರೆ ಹಮಾಲರಿಂದ ಹಿಡಿದು ಸಾವಕಾರರ ತನಕ ಎಲ್ಲರದೂ ಒಂದೇ ಪ್ರಶ್ನೆ: "ಸಿಕ್ಕರೇನ್ರಿ ನಾಗರತ್ನಕ್ಕಾರ?" ಕೇಳುವವರಿಗೆ ಅದು ಕರುಣೆ, ಅವಳಿಗೆ ದಿನಾ ಅದೇ ಗಾಯದ ಮೇಲೆ ಕಡ್ಡಿ. ತಡೆಯಲಾರದೆ ಒಂದು ದಿನ ಸುಳ್ಳು ಹೇಳಿದಳು: "ಸಿಕ್ಕಾರ್ರಿ. ರಾಯಚೂರಾಗ ಮೈದುನನ ಮನ್ಯಾಗ ಇಟ್ಟೀವಿ, ಔಷಧ ನಡದದ." ಎಲ್ಲರೂ ಶಿವಾ ಎಂದು ಕೈಮುಗಿದು ಸುಮ್ಮನಾದರು. ನಿಜ ಗೊತ್ತಿದ್ದದ್ದು ಲಾರಿ ತೂಗುವ ಕಾಟಾದ ಗುಲಾಮ್ ದಸ್ತಗೀರನಿಗೆ ಮಾತ್ರ. ಅವನ ಕುರ್ಚಿ ಅವಳ ಬೆನ್ನಹಿಂದೆಯೇ. ಲಾರಿಗಳ ಸಾಲು ಹತ್ತಿದಾಗ, "ನೀ ಪಾಸ್ ಬರಿ ಅಕ್ಕಾ, ನಾ ನೋಡ್ತೀನಿ ಈ ಸಾಲು," ಎಂದು ಅವನೇ ಪರದೆಗೆ ಕಣ್ಣು ಕೊಡುತ್ತಿದ್ದ.

ಹೀಗಿರುವಾಗ ಸಾವಕಾರರ ಮಗ ಅಂಬರೀಶ ಆಫೀಸಿಗೆ ಬಂದು ಕೂತ. ಓದಿದ ಹುಡುಗ, ಕೆಟ್ಟವನಲ್ಲ, ಆದರೆ ಹೊಸ ಪೊರಕೆಯ ಹುರುಪು. ಯಾರು ಎಷ್ಟು ಹೊತ್ತು ಏನು ನೋಡಿದರು ಎಂದು ಬರೆದಿಡುವ ಒಂದು ಯಂತ್ರವನ್ನು ಇಂಟರ್ನೆಟ್ಟಿಗೆ ಜೋಡಿಸಿದ. ಅಮಾವಾಸ್ಯೆಗೆ ಮಿಲ್ಲಿನ ಮಷಿನ್ ನಿಲ್ಲಿಸಿ ಪೂಜೆ ಮಾಡುವುದು, ಕಾಯಿ ಒಡೆಯುವುದು, ಎಲ್ಲರೂ ಸೇರುವುದು ವಾಡಿಕೆ. ಈ ಸಲ ಪ್ರಸಾದ ಹಂಚಿದ ಮೇಲೆ ಅವನು ಒಂದು ತಿಂಗಳ ಲೆಕ್ಕದ ಹಾಳೆ ತೆಗೆದು ಓದಿದ. ದಸ್ತಗೀರ, ರೀಲ್ಸ್, ಹನ್ನೊಂದು ತಾಸು. ಇನ್ನೊಬ್ಬ, ಕ್ರಿಕೆಟ್, ಇಪ್ಪತ್ತು ತಾಸು.

"ನಾಗರತ್ನಕ್ಕಾರು, ಯೂಟ್ಯೂಬ್, ಮೂವತ್ತೊಂಬತ್ತು ತಾಸು."

ಎಲ್ಲರೂ ಗೊಳ್ಳೆಂದು ನಕ್ಕರು. "ಯಾವ ಸೀರಿಯಲ್ ರೀ ಅಕ್ಕಾರ? ನಮಗೂ ಹೇಳ್ರಿ!" ಎಂದು ಯಾರೋ ಕೂಗಿದರು. ಅಂಬರೀಶನೂ ನಗುತ್ತಲೇ ಅಂದ, "ನಾಳಿಯಿಂದ ಎಲ್ಲಾ ಬಂದ್. ಸ್ವಂತದ್ದು ಮನ್ಯಾಗ ನೋಡ್ಕೊಳ್ರಿ." ನಾಗರತ್ನಾ ಕೈಯಲ್ಲಿದ್ದ ಕೊಬ್ಬರಿ ಚೂರನ್ನು ಬಾಯಿಗೆ ಹಾಕಿಕೊಳ್ಳಲಿಲ್ಲ, ಕೆಳಗೂ ಇಡಲಿಲ್ಲ. ನಿಜ ಹೇಳಬೇಕೆಂದರೆ ಮೊದಲು ಸುಳ್ಳನ್ನು ಬಿಚ್ಚಬೇಕು, ಅದೂ ಅಷ್ಟು ಮಂದಿಯ ನಡುವೆ. ದಸ್ತಗೀರ ಏನೋ ಹೇಳಲು ಎದ್ದಾಗ ಕಣ್ಣಲ್ಲೇ ಅವನನ್ನು ಕೂಡಿಸಿದಳು.

ನಾಲ್ಕು ದಿನ ಹೇಗೋ ಕಳೆದಳು. ಹನ್ನೆರಡೂವರೆಯಾದರೆ ಗಡಿಯಾರದ ಕಡೆಗೇ ಕಣ್ಣು: ಇವತ್ತೇ ಬಂದು ಕೂತಿದ್ದರೆ? ಉಂಡು ಎದ್ದು ಮತ್ತೆಲ್ಲಿಗೋ ಹೋಗಿಬಿಟ್ಟಿದ್ದರೆ? ಐದನೇ ದಿನ ರಜೆ ಚೀಟಿ ಬರೆದಿಟ್ಟು ದೇವದುರ್ಗದ ಬಸ್ಸು ಹತ್ತಿದಳು.

ಮಠದಲ್ಲಿ ಪಂಕ್ತಿ ಎದ್ದ ಮೇಲೆ ಅಡುಗೆಮನೆಗೆ ಹೋದಳು. ಅಲ್ಲಿಯ ಹಿರಿಯಳು ರೇಣುಕಮ್ಮ ಫೋಟೋ ಇಸಿದುಕೊಂಡು ನೋಡಿದಳು, ಬಾಗಿಲ ಬೆಳಕಿಗೆ ಹಿಡಿದು ಮತ್ತೊಮ್ಮೆ ನೋಡಿದಳು.

"ಯವ್ವಾ, ಇವರು ನಮ್ಮ ಅಕ್ಕಿ ಅಪ್ಪಾರು. ಗಡ್ಡ ಬಿಟ್ಟಿದ್ರು. ದಸರಾ ಹೊತ್ತಿಗೆ ಬಂದ್ರು. ಹೆಸರು ಕೇಳಿದ್ರ ಹೇಳಾಕ ಬರ್ತಿರಲಿಲ್ಲ. ಹೇಳದ ಕೇಳದ ಮೊರ ಹಿಡದು ಅಕ್ಕಿ ಹಸನ ಮಾಡಾಕ ಕುಂತ್ರು ನೋಡ್ರಿ, ಅಷ್ಟ."

"ನಾ ದಿನಾ ನೋಡ್ತಿದ್ನೆಲ್ರಿ," ಎಂದಳು ನಾಗರತ್ನಾ. "ಟೀವ್ಯಾಗ, ಕಂಪ್ಯೂಟರ್‌ನ್ಯಾಗ, ಅದರಾಗ... ದಿನಾ ಪಂಕ್ತಿ ನೋಡ್ತಿದ್ನಿ."

"ಪಂಕ್ತ್ಯಾಗ ಅವರು ಒಂದಿನಾನೂ ಕುಂತಿಲ್ಲವ್ವಾ. ಮಂದೀದೆಲ್ಲಾ ಆದ ಮ್ಯಾಲೆ, ಬಾಂಡೆ ತೊಳದು, ಇಲ್ಲೇ ಒಲಿ ಮುಂದ ಉಣ್ತಿದ್ರು."

ಗಂಡನ ಈ ಚಾಳಿ ನಾಗರತ್ನಾಳಿಗೆ ಗೊತ್ತಿದ್ದದ್ದೇ. ಮದುವೆ ಮನೆಗೆ ಹೋದರೂ ಮೊದಲು ಸೌಟು ಹಿಡಿದು ನಾಲ್ಕು ಸಾಲು ಬಡಿಸಿ, ಆಮೇಲೆ ತಾನು ಉಣ್ಣುತ್ತಿದ್ದ ಮನುಷ್ಯ. ದುಡಿಯದೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ ಎಂಬುದು ಅವನ ಹಟ. ಹೆಸರು ಮರೆತ, ಹೆಂಡತಿಯನ್ನು ಮರೆತ, ಅದನ್ನು ಮಾತ್ರ ಮರೆತಿರಲಿಲ್ಲ.

"ಈಗೆಲ್ಲಿ ಅದಾರ್ರಿ?"

ರೇಣುಕಮ್ಮ ಅವಳ ಕೈಹಿಡಿದು ಹಿಂದಿನ ಹೊಲಕ್ಕೆ ಕರೆದುಕೊಂಡು ಹೋದಳು. ಬೇವಿನ ಗಿಡದ ಹತ್ತಿರ ಒಂದು ಮಣ್ಣಿನ ಗುಡ್ಡೆ, ಮೇಲೆ ಆಗಲೇ ಹುಲ್ಲು ಎದ್ದಿತ್ತು. "ಶಿವರಾತ್ರಿ ಆಗಿ ಒಂಬತ್ತನೇ ದಿನ, ಮುಂಜಾನಿ ಅಕ್ಕಿ ಮೊರ ಹಿಡಕೊಂಡೇ ಒರಗಿಬಿಟ್ರು. ಕೊರಳಾಗ ಲಿಂಗ ಇತ್ತು. ನಮ್ಮ ಪದ್ಧತಿ ಪ್ರಕಾರನ ಮಣ್ಣು ಮಾಡಿದ್ವಿ ಯವ್ವಾ, ಏನೂ ಕಮ್ಮಿ ಮಾಡಿಲ್ಲ. ಅವತ್ತು ದಾಸೋಹನೂ ತಡಾ ಆತು."

ಆ ದಿನ ಅವಳಿಗೆ ನೆನಪಿತ್ತು. ಮುಕ್ಕಾಲು ತಾಸು ಬರೀ ಚಾಪೆ ಕಂಡಿದ್ದವು. "ಈ ಮಠದವರಿಗೆ ಏನ್ ಧಾಡಿ ಬಂದದೋ, ಮಂದೀನ ಉಪವಾಸ ಕೆಡವ್ಯಾರ," ಎಂದು ದಸ್ತಗೀರನ ಮುಂದೆ ಬಯ್ದಿದ್ದಳು. ಅದಾಗಿ ಮೂರು ತಿಂಗಳು ಮೇಲಾಯಿತು. ಮಣ್ಣಿನಲ್ಲಿದ್ದವನನ್ನು ಪರದೆಯ ಮೇಲೆ ಹುಡುಕುತ್ತ, ಕೈತುಂಬ ಹಸಿರು ಬಳೆ ಇಟ್ಟುಕೊಂಡು ಅವಳು ದಿನಾ ಕೂತಿದ್ದಳು. ಅಲ್ಲೇ ಗುಡ್ಡೆಯ ಪಕ್ಕ ಕೂತು, ಇಪ್ಪತ್ತಾರು ವರ್ಷದ ಸಂಸಾರವೆಲ್ಲ ಒಮ್ಮೆಲೇ ಕಿತ್ತು ಬಂದಂತೆ ಅತ್ತಳು.

ಹನ್ನೆರಡು ದಿನ ಬಿಟ್ಟು ಮಿಲ್ಲಿಗೆ ಬಂದಳು. ಅಷ್ಟರಲ್ಲಿ ದಸ್ತಗೀರ ತಡೆಯಲಾರದೆ ಅಂಬರೀಶನಿಗೆ ಗೊತ್ತಿದ್ದಷ್ಟನ್ನು ಹೇಳಿಬಿಟ್ಟಿದ್ದ. ಅವಳು ಹೋಗಿ ಕಂಡದ್ದು ಅವನಿಗೂ ಗೊತ್ತಿರಲಿಲ್ಲ. ಅಂಬರೀಶ ಅವಳು ಕೂಡುವ ಮೊದಲೇ ಟೇಬಲ್ಲಿನ ಹತ್ತಿರ ಬಂದು ನಿಂತ. ಮುಖ ಸಣ್ಣದಾಗಿತ್ತು. ಅವಳ ಬರಿಗೈಯನ್ನು ಅವನು ನೋಡಲಿಲ್ಲ.

"ಅಕ್ಕಾರ, ತಪ್ಪಾತ್ರಿ. ನನಗೇನ್ ಗೊತ್ತಿರಲಿಲ್ಲ. ಅಷ್ಟು ಮಂದ್ಯಾಗ ನಗಬಾರದಿತ್ತು. ನಿಮ್ಮ ಕಂಪ್ಯೂಟರಿಗೆ ಓಪನ್ ಮಾಡೀನಿ. ಎಷ್ಟ್ ಹೊತ್ತು ಬೇಕೋ ಅಷ್ಟ್ ಹೊತ್ತು ನೋಡ್ರಿ, ಯಾರೂ ಕೇಳಂಗಿಲ್ಲ."

ಅವಳು ಪರದೆಯ ಕಡೆ ನೋಡಲಿಲ್ಲ.

"ನೀವು ಬಂದ್ ಮಾಡಿದ್ದಕ್ಕ ನಾ ಹೋದ್ನೆಪ್ಪಾ," ಎಂದಳು. "ಮೊದಲ ಬಂದ್ ಮಾಡಿದ್ರ, ಅವರು ಇದ್ದಾಗ ಹೋಗ್ತಿದ್ನಿ."