ತಾಕ್ ಗಿಚೊಲ್ ಅವರ ಮೂರು ತಿಂಗಳ ಸದಸ್ಯತ್ವ

ಮೂರು ತಿಂಗಳ ಸದಸ್ಯತ್ವ ಮಾಡಿಸಿದರೆ ಗಿಟ್ಟುತ್ತದೆಯೇ ಎಂದು ಯಾರಾದರೂ ಕೇಳಿದಾಗ ಕಣ್ಣು ಮಿಟುಕಿಸದೆ ‘ಗಿಟ್ಟುತ್ತದೆ’ ಎನ್ನುವುದಕ್ಕೇ ನನಗೆ ಸಂಬಳ. ಇನ್ಚಿಯೊನ್ ನಗರದ ಬುಪ್ಯೊಂಗ್ ಮಾರ್ಕೆಟ್ಟಿನ ಹಿಂದೆ, ಮೊದಲು ಗೋದಾಮಾಗಿದ್ದ ಕಟ್ಟಡದಲ್ಲಿ ನಮ್ಮ ಕ್ಲೈಂಬಿಂಗ್ ಜಿಮ್ ಇದೆ. ಅದರ ಕೌಂಟರಿನಲ್ಲಿ ಕೂರುವವನು ನಾನು, ಪ್ಯೋ ಜೇಯುಲ್, ವಯಸ್ಸು ಇಪ್ಪತ್ತೊಂಬತ್ತು. ಬಾಗಿಲ ಪಕ್ಕದ ಪೋಸ್ಟರಿನಲ್ಲಿ ಒಂದೇ ಕೈಯಲ್ಲಿ ಗೋಡೆಗೆ ಜೋತುಬಿದ್ದು ನಗುತ್ತಿರುವ ವೀರನೂ ನಾನೇ. ನನ್ನ ಅಂಗಾಲಿಗೂ ನೆಲಕ್ಕೂ ಆಗ ಇದ್ದ ಅಂತರ ಒಂದು ಮೊಳ. ಫೋಟೋ ತೆಗೆದವನು ನೆಲದ ಮೇಲೆ ಅಂಗಾತ ಮಲಗಿದ್ದ. ಕ್ಲಿಕ್ಕಿಸಿದ ಮರುಕ್ಷಣ ನಾನೂ ಅವನ ಮೇಲೆ ಮಲಗಿದ್ದೆ.

ತಾಕ್ ಗಿಚೊಲ್ ಅವರಂಥವರ ಬಗ್ಗೆ ಬರೆಯಲು ನನ್ನ ಯೋಗ್ಯತೆ ಎಷ್ಟೆಂಬುದು ಹೀಗೆ ಮೊದಲೇ ತಿಳಿದಿರಲಿ.

ಅವರು ಮೊದಲು ಬಂದದ್ದು ನವೆಂಬರ್ ಕೊನೆಯ ವಾರದ ಒಂದು ಮಧ್ಯಾಹ್ನ, ಜಿಮ್ ಖಾಲಿ ಹೊಡೆಯುವ ಹೊತ್ತಿನಲ್ಲಿ. ಐವತ್ತೆರಡು ವರ್ಷದ ಗಿಡ್ಡ ಮನುಷ್ಯ. ಮೈಮೇಲೆ ಕಾರ್ ಪಾರ್ಕಿಂಗಿನವರು ತೊಡುವ ಹೊಳೆಯುವ ಹಸಿರು ಅಂಗಿ. ಒಳಗೆ ಬರುವ ಮೊದಲು ಗಾಜಿನ ಬಾಗಿಲ ಮೇಲಿದ್ದ ಬೆರಳಿನ ಗುರುತನ್ನು ತೋಳಿನಿಂದ ಒರೆಸಿದರು. ಎರಡು ಹೆಜ್ಜೆ ಹಿಂದೆ ಸರಿದು, ಓರೆಯಾಗಿ ನೋಡಿ, ಇನ್ನೊಮ್ಮೆ ಒರೆಸಿ, ಆಮೇಲೆ ಒಳಗೆ ಬಂದರು.

“ಆ ಗೋಡೆ ಎಷ್ಟು ಎತ್ತರ?”

“ಹನ್ನೆರಡು ಮೀಟರು, ಯಜಮಾನ್ರೇ. ಮೇಲೆ ಯಂತ್ರ ಇದೆ. ನೀವು ಹತ್ತಿದಂಗೆ ಹಗ್ಗ ತಾನೇ ಮೇಲಕ್ಕೆ ಎಳ್ಕೊಳ್ತಾ ಹೋಗುತ್ತೆ. ತುದೀಲಿ ಕೈ ಬಿಟ್ರೆ ಮೆತ್ತಗೆ ಕೆಳಗಿಳಿಸುತ್ತೆ.”

“ಕೈ ಬಿಟ್ರೆ,” ಎಂದು ಅವರು ನಿಧಾನವಾಗಿ ಹೇಳಿದರು. “ನನಗೆ ಬೇಕಾಗಿರೋದು ಅದೊಂದೇ. ದಿನಕ್ಕೆ ಎಷ್ಟು?”

ದಿನದ ಚೀಟಿಗೆ ಇಪ್ಪತ್ತು ಸಾವಿರ ವಾನ್. ಆದರೆ ದಿನದ ಚೀಟಿಯವರು ಗಿಡ್ಡ ಗೋಡೆಗಳನ್ನು ಮಾತ್ರ ಹತ್ತಬೇಕು. ಹಗ್ಗದ ಗೋಡೆ ಸದಸ್ಯರಿಗೆ ಮೀಸಲು, ಮೂರು ತಿಂಗಳಿಗಿಂತ ಕಮ್ಮಿ ಸದಸ್ಯತ್ವವಿಲ್ಲ, ಅದಕ್ಕೆ ಮೂರು ಲಕ್ಷ ಅರವತ್ತು ಸಾವಿರ. ಇದು ನಮ್ಮ ಮಾಲೀಕ ಗ್ವಾಕ್ ಮಾಡಿದ ನಿಯಮ. ನಾನು ಇದನ್ನು ಹೇಳುವಾಗ ಮುಖದಲ್ಲಿ ಖುಷಿ ಕಾಣಬೇಕೆಂಬುದೂ ಅವರದೇ ನಿಯಮ.

ತಾಕ್ ಅವರು ಕೌಂಟರಿಗೆ ಮೊಣಕೈ ಊರಿ ತಮ್ಮ ಕಥೆ ಹೇಳಿದರು. ಇಪ್ಪತ್ತೆರಡು ವರ್ಷ ಅವರು ಹಗ್ಗಕ್ಕೆ ಕಟ್ಟಿದ ಹಲಗೆಯ ಮೇಲೆ ಕೂತು ಎತ್ತರದ ಕಟ್ಟಡಗಳ ಕಿಟಕಿ ತೊಳೆದವರು. ಸೆಪ್ಟೆಂಬರಿನಲ್ಲಿ ಅವರ ಜೊತೆಗಾರನ ಹಗ್ಗ ತಾರಸಿಯ ಅಂಚಿಗೆ ಉಜ್ಜಿ ಉಜ್ಜಿ ಹರಿಯಿತು. ಏಳನೇ ಮಹಡಿಯಿಂದ ಬಿದ್ದವನು ಬದುಕಿದ, ಆದರೆ ಸೊಂಟದ ಕೆಳಗೆ ಸ್ವಾಧೀನ ಹೋಯಿತು. ವಾರದ ನಂತರ ಬೇರೊಂದು ಕಟ್ಟಡದಲ್ಲಿ ತಾಕ್ ಅವರು ತಾರಸಿಯ ಮೋಟುಗೋಡೆ ಹತ್ತಿದರು. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ಇನ್ನು ಮೈಭಾರವನ್ನು ಹಗ್ಗಕ್ಕೆ ಒಪ್ಪಿಸಿ ಕೂರಬೇಕು. ಆಗಲಿಲ್ಲ. ನಲವತ್ತು ನಿಮಿಷ ಹಾಗೆಯೇ ಕುದುರೆ ಸವಾರನಂತೆ ಕೂತಿದ್ದು ವಾಪಸಾದರಂತೆ. ಅಂದಿನಿಂದ ಪಾರ್ಕಿಂಗಿನಲ್ಲಿ ಕಾವಲು.

“ಎತ್ತರದ ಭಯ ಅಲ್ಲ ತಮ್ಮಾ. ಆ ಬಿಡೋದು ಇದೆಯಲ್ಲ, ಅದು ಮರೆತುಹೋಗಿದೆ. ಮಾರ್ಚಿಗೆ ಕೆಲಸ ಶುರುವಾಗುತ್ತೆ. ಅಲ್ಲೀವರೆಗೆ ಕಾಯ್ತೀನಿ ಅಂದಿದಾನೆ ತಂಡದ ಮುಖ್ಯಸ್ಥ. ಮೂರು ತಿಂಗಳಲ್ಲಿ ವಾಪಸ್ ಬರುತ್ತಾ?”

ನನ್ನ ಬೆನ್ನ ಹಿಂದೆ ಗ್ವಾಕ್ ಕೆಮ್ಮಿದರು. ತಿಂಗಳ ಕೊನೆಯಲ್ಲಿ ಮಾತ್ರ ಅವರಿಗೆ ಬರುವ ಕೆಮ್ಮು ಅದು.

“ಬಂದೇ ಬರುತ್ತೆ,” ಎಂದೆ. “ನಿಮ್ಮ ಹಾಗೇ ಇಬ್ರು ಬಂದಿದ್ರು. ಎರಡನೇ ತಿಂಗಳಿಗೇ ಸರಿಹೋದ್ರು.”

ಆ ಇಬ್ಬರೂ ಅದೇ ಕ್ಷಣ ನನ್ನ ಬಾಯಲ್ಲಿ ಹುಟ್ಟಿದವರು.

ಮರುದಿನ ಅವರು ಹೆಂಡತಿಯನ್ನು ಕರೆದುಕೊಂಡು ಬಂದರು. ನೋಡಿದರೆ ಮಾರ್ಕೆಟ್ಟಿನಲ್ಲಿ ಪಲ್ಯ, ಕಿಮ್ಚಿ ಉಪ್ಪಿನಕಾಯಿಗಳ ಅಂಗಡಿ ಇಟ್ಟಿರುವ ಯೊನ್‌ಸಿಮ್ ಚಿಕ್ಕಮ್ಮ. ಮಾರ್ಕೆಟ್ಟಿನಲ್ಲಿ ಎಲ್ಲರೂ ಅವರನ್ನು ಚಿಕ್ಕಮ್ಮ ಎಂದೇ ಕರೆಯುವುದು.

“ಕಮಲದ ಬೇರಿನ ಬಿಲ್ಲೆ ಎಣಿಸಿ ಎಣಿಸಿ ಕೊಳ್ಳೋನು ನೀನೇ ಅಲ್ವೇನೋ? ಇಲ್ಲಿ ಜನರ ಹತ್ರ ಲಕ್ಷಗಟ್ಟಲೆ ಕೀಳ್ತೀಯಾ?” ಎಂದು ನನ್ನನ್ನು ವಿಚಾರಿಸಿಕೊಂಡು ಗಂಡನ ಕಡೆ ತಿರುಗಿದರು. “ಇಪ್ಪತ್ತೆರಡು ವರ್ಷ ನೇತಾಡಿದ್ದಕ್ಕೆ ಊರೋರು ನಿಮಗೆ ದುಡ್ಡು ಕೊಟ್ರು. ಈಗ ನೇತಾಡೋಕೆ ನೀವೇ ದುಡ್ಡು ಕೊಡ್ತೀರಾ?”

“ಒಂದು ದಿನದ ಕೂಲಿ ಕಣೇ.”

“ಯಾವ ದಿನದ್ದು? ಪಾರ್ಕಿಂಗಲ್ಲಿ ನಾಲ್ಕು ದಿನ ನಿಂತ್ಕೋಬೇಕು.”

“ಹಗ್ಗಕ್ಕೆ ಹೋದ್ಮೇಲೆ ಒಂದೇ ದಿನದ್ದು.”

ಚಿಕ್ಕಮ್ಮ ಸುಮ್ಮನಾದರು. ಲೆಕ್ಕದಲ್ಲಿ ಸೋತರು ಎಂದುಕೊಂಡೆ. ಅವರು ಸುಮ್ಮನಾದದ್ದು ಲೆಕ್ಕಕ್ಕಲ್ಲ ಎಂದು ತಿಳಿಯಲು ನನಗೆ ಎರಡೂವರೆ ತಿಂಗಳು ಹಿಡಿಯಿತು.

ಅರ್ಜಿಯಲ್ಲಿ ‘ಹಗ್ಗದ ಅನುಭವ’ ಎಂಬಲ್ಲಿ ತಾಕ್ ಅವರು ‘೨೨ ವರ್ಷ’ ಎಂದು ಬರೆದರು. ಹಗ್ಗದ ಗೋಡೆಗೆ ಹೊಸಬರಿಗೆಲ್ಲ ಅರ್ಧ ಗಂಟೆಯ ಪಾಠ ಕಡ್ಡಾಯ. ಪಾಠ ಹೇಳುವವನು ಅಂದು ರಜೆ. “ಇಪ್ಪತ್ತೆರಡು ವರ್ಷದೋರಿಗೆ ನಾವೇನು ಪಾಠ ಹೇಳೋದು ಯಜಮಾನ್ರೇ!” ಎಂದು ನಗುತ್ತಾ ಆ ಸಾಲನ್ನು ಹೊಡೆದುಹಾಕಿದೆ. ಅವರೂ ನಕ್ಕರು, ಸ್ವಲ್ಪ ಹೆಮ್ಮೆಯಿಂದಲೇ.

ಅವರು ವಾರಕ್ಕೆ ನಾಲ್ಕು ದಿನ, ಪಾರ್ಕಿಂಗಿನ ಪಾಳಿ ಮುಗಿಸಿ ಬರುತ್ತಿದ್ದರು. ಬೆಕ್ಕಿನ ಹಾಗೆ ಹತ್ತುತ್ತಿದ್ದರು. ತುದಿ ಮುಟ್ಟುತ್ತಿದ್ದರು. ಕೈ ಬಿಡುತ್ತಿರಲಿಲ್ಲ. ಸ್ವಲ್ಪ ಹೊತ್ತು ಗೋಡೆಗೆ ಕೆನ್ನೆ ಒತ್ತಿಕೊಂಡು ನಿಂತು, ಹತ್ತಿದ ಹಿಡಿಕೆಗಳನ್ನೇ ಒಂದೊಂದಾಗಿ ಹಿಡಿದು ಇಳಿದು ಬರುತ್ತಿದ್ದರು. ಹತ್ತುವುದಕ್ಕಿಂತ ಇಳಿಯುವುದು ಎರಡು ಪಟ್ಟು ಕಷ್ಟ. ಕೆಳಗೆ ಬರುವಷ್ಟರಲ್ಲಿ ಮುಂಗೈ ಊದಿಕೊಂಡು ನೀರಿನ ಬಾಟಲಿಯ ಮುಚ್ಚಳ ತಿರುಗಿಸಲೂ ಆಗುತ್ತಿರಲಿಲ್ಲ. ನಾನು ತಿರುಗಿಸಿಕೊಡುತ್ತಿದ್ದೆ.

ಶನಿವಾರದ ಮಕ್ಕಳ ತರಗತಿಗೆ ಅವರು ದೊಡ್ಡ ತಮಾಷೆ.

“ತಾತಾ, ಕೈ ಬಿಡಿ! ಏನೂ ಆಗಲ್ಲ ತಾತಾ!”

“ಇನ್ನೊಂದ್ಸಲ ತಾತ ಅಂದ್ರೆ ಇಲ್ಲೇ ಮನೆ ಮಾಡ್ಕೊಂಡು ಇದ್ಬಿಡ್ತೀನಿ!” ಎಂದು ಅವರು ಮೇಲಿನಿಂದ ಕೂಗುತ್ತಿದ್ದರು. ಎಲ್ಲರೂ ನಗುತ್ತಿದ್ದರು. ಕೆಳಗಿನಿಂದ ನೋಡುವ ನನಗೆ ಅವರ ಎಡಗಾಲು ಹೊಲಿಗೆ ಯಂತ್ರದ ಸೂಜಿಯಂತೆ ನಡುಗುವುದು ಕಾಣುತ್ತಿತ್ತು.

ಹತ್ತಿ ಇಳಿದ ಮೇಲೆ ಬೆಂಚಿನ ಮೇಲೆ ಕೂತು ಮಾತಾಡುತ್ತಿದ್ದರು. ಇನ್ಚಿಯೊನ್ನಿನ ಕಟ್ಟಡಗಳು ಅವರಿಗೆ ಹೊರಗಿನಿಂದ ಗೊತ್ತು. ಯಾವ ಬ್ಯಾಂಕಿನ ಗಾಜು ಬೇಗ ಕಲೆಯಾಗುತ್ತದೆ, ಯಾವ ಆಸ್ಪತ್ರೆಯ ಮೂಲೆಯಲ್ಲಿ ಗಾಳಿ ಸುತ್ತಿಕೊಂಡು ಹೊಡೆಯುತ್ತದೆ ಎಲ್ಲವೂ. “ಒಳಗಿರೋರು ನಮ್ಮನ್ನ ನೋಡಿದ್ರೂ ನೋಡದ ಹಾಗೆ ಇರ್ತಾರೆ. ಒಂದು ಗೇಣು ದೂರದಲ್ಲಿ ಕೂತು ಊಟ ಮಾಡ್ತಿರ್ತಾರೆ ತಮ್ಮಾ, ಕತ್ತು ಎತ್ತಲ್ಲ. ಮೊದಮೊದಲು ಬೇಜಾರಾಗ್ತಿತ್ತು. ಆಮೇಲೆ ಅದೇ ಆರಾಮ. ಹನ್ನೆರಡನೇ ಮಹಡಿ, ಕೈಯಲ್ಲಿ ಒಂದು ಬಟ್ಟೆ, ಹಿಂದೆ ಸಮುದ್ರ. ಈಗ ದಿನವಿಡೀ ಕಾರಿನೋರ ಹತ್ರ ಬೈಸ್ಕೊಳ್ತೀನಿ. ಅವರೆಲ್ಲ ಕತ್ತೆತ್ತಿ ನೋಡಿಯೇ ಬೈತಾರೆ.”

ಗ್ವಾಕ್ ಮಾತ್ರ ಪರಮಸುಖಿ. “ಇಂಥೋರು ಹತ್ತು ಜನ ಸಿಕ್ರೆ ಸಾಕು ಕಣೋ. ಮುಗಿಯೋದೇ ಇಲ್ಲ ಇವರದ್ದು. ವರ್ಷದ ಅರ್ಜಿ ತೆಗೆದಿಟ್ಟಿರು.”

ಫೆಬ್ರವರಿ ಮಧ್ಯದಲ್ಲಿ ಒಂದು ದಿನ ಹೊಸಬರ ಪಾಠ ನಡೆಯುತ್ತಿತ್ತು. ನಾನು ನೆಲ ಗುಡಿಸುತ್ತಿದ್ದೆ. ಪಾಠ ಹೇಳುವವನು ಒಬ್ಬ ಹುಡುಗಿಯನ್ನು ಎರಡೇ ಮೀಟರ್ ಹತ್ತಿಸಿ, “ಇಲ್ಲೇ ಬಿಡಿ,” ಎಂದ. ಬಿಟ್ಟಳು. “ಇನ್ನೊಂದು ಹೆಜ್ಜೆ ಮೇಲೆ, ಮತ್ತೆ ಬಿಡಿ.” ಹೀಗೆ ಹತ್ತು ಸಲ. ಮೊದಲ ಪಾಠವೇ ಅದು: ಹತ್ತುವುದಲ್ಲ, ಬಿಡುವುದು. ತಾಕ್ ಅವರ ಅರ್ಜಿಯಿಂದ ನಾನು ನಗುತ್ತಾ ಹೊಡೆದುಹಾಕಿದ್ದು ಇದನ್ನೇ. ಆ ಮನುಷ್ಯ ಎರಡೂವರೆ ತಿಂಗಳಿಂದ ಎಲ್ಲಕ್ಕಿಂತ ಕಷ್ಟದ ಜಾಗದಲ್ಲೇ ಪ್ರಯತ್ನ ಮಾಡುತ್ತಿದ್ದರು. ಪೊರಕೆ ಹಿಡಿದು ನಿಂತಲ್ಲೇ ನನ್ನ ಕಿವಿ ಬಿಸಿಯಾಯಿತು. ನಾಳೆ ಬಂದ ತಕ್ಷಣ ಹೇಳಬೇಕು ಎಂದುಕೊಂಡೆ.

ಮರುದಿನ ಅವರಿಗಿಂತ ಮೊದಲು ಚಿಕ್ಕಮ್ಮ ಬಂದರು, ಒಬ್ಬರೇ, ಅಂಗಡಿಯ ಏಪ್ರನ್ನಿನಲ್ಲೇ.

“ಅವರು ಕೈ ಬಿಟ್ರಾ?”

“ಇನ್ನೂ ಇಲ್ಲ ಚಿಕ್ಕಮ್ಮ.”

ಅವರ ಭುಜ ಸಡಿಲವಾಯಿತು. ಅದು ನೆಮ್ಮದಿ ಎಂದು ನನಗೆ ಹೊಳೆಯಲಿಲ್ಲ. ಅವರು ಒಂದು ಲಕೋಟೆ ತೆಗೆದು ಕೌಂಟರಿನ ಮೇಲಿಟ್ಟರು.

“ಒಂದು ವರ್ಷದ್ದು ಕಟ್ಟಿಕೋ.”

ಕೆಲಸಕ್ಕೆ ಸೇರಿದ ಮೇಲೆ ಮೊದಲ ಬಾರಿಗೆ ನಾನು ಆ ಮಾತು ಹೇಳಿದೆ: “ಇದು ಗಿಟ್ಟಲ್ಲ ಚಿಕ್ಕಮ್ಮ.”

“ಗಿಟ್ಟದೇ ಇರಲಿ ಅಂತಾನೇ ಕಟ್ತಿರೋದು.” ಅವರು ಖಾಲಿ ಹಗ್ಗದ ಗೋಡೆಯನ್ನು ನೋಡುತ್ತಾ ಹೇಳಿದರು. “ಬರಲಿ, ಹತ್ತಲಿ, ಇಳೀಲಿ. ಪ್ರಯತ್ನ ಮಾಡ್ತಿದೀನಿ ಅನ್ನೋ ಮರ್ಯಾದೆ ಅವರಿಗೆ ಇರಲಿ. ಸಂಜೆ ಮನೆಗೆ ಬರಲಿ. ಆ ಬಿದ್ದನಲ್ಲ, ಅವನ ಹೆಂಡ್ತಿಗೆ ವಾರಕ್ಕೊಂದ್ಸಲ ಪಲ್ಯ ಕೊಟ್ಟು ಬರ್ತೀನಿ ಕಣೋ. ನಂಗಿಂತ ಎಂಟು ವರ್ಷ ಚಿಕ್ಕೋಳು. ಗಂಡನ್ನ ಎತ್ತಿ ಎತ್ತಿ ಅವಳ ಸೊಂಟ ಬಗ್ಗಿದೆ. ನಾನು ಕೊಟ್ಟೆ ಅಂತ ಅವರಿಗೆ ಹೇಳ್ಬೇಡ. ಜಿಮ್ಮಿನೋರೇ ರಿಯಾಯ್ತಿ ಕೊಟ್ರು ಅನ್ನು.”

ಲಕೋಟೆ ಡ್ರಾಯರಿಗೆ ಹೋಯಿತು. ಪಾಠದ ಮಾತು ನನ್ನ ಬಾಯಲ್ಲೇ ಉಳಿಯಿತು. ಹತ್ತು ದಿನ ನಾನು ತಾಕ್ ಅವರ ಬಾಟಲಿಯ ಮುಚ್ಚಳ ತಿರುಗಿಸಿಕೊಟ್ಟೆ, ಬೇರೇನೂ ಹೇಳಲಿಲ್ಲ. ಸುಮ್ಮನಿರುವುದು ಒಳ್ಳೆಯ ಕೆಲಸವೆಂದು ಹೇಳಿಕೊಂಡೆ. ಸೋಮಾರಿಗೆ ಇಷ್ಟು ಅನುಕೂಲವಾದ ಪುಣ್ಯ ಬೇರೆ ಸಿಗಲಾರದು.

ಸದಸ್ಯತ್ವ ಮುಗಿಯುವ ದಿನ ಅವರು ಕೊನೆಯ ಸಲ ಹತ್ತಿ, ಹಾಗೆಯೇ ಇಳಿದು ಕೌಂಟರಿಗೆ ಬಂದರು. ಅಂಗೈ ಸುಲಿದಿತ್ತು.

“ಇನ್ನೂ ಮೂರು ತಿಂಗಳು ಕಟ್ಟಿದ್ರೆ ಗಿಟ್ಟುತ್ತಾ ತಮ್ಮಾ? ಜಿಮ್ಮಿನ ಮಾತು ಬೇಡ, ನಿನ್ನ ಮಾತು ಹೇಳು. ಇವತ್ತು ಉತ್ತರ ಕೊಡಬೇಕು ಅಂದಿದಾನೆ ತಂಡದೋನು. ಆಗಲ್ಲ ಅಂದ್ರೆ ಪಾರ್ಕಿಂಗಲ್ಲೇ ಕಾಯಂ ಆಗಿಬಿಡ್ತೀನಿ.”

ಗಿಟ್ಟುತ್ತದೆ ಎಂದರೆ ಡ್ರಾಯರಿನ ಲಕೋಟೆ ಹೊರಬರುತ್ತದೆ, ಅವರು ಇನ್ನೊಂದು ವರ್ಷ ಇಳಿಯುತ್ತಾರೆ. ಗಿಟ್ಟುವುದಿಲ್ಲ ಎಂದರೆ ಪಾರ್ಕಿಂಗು. ಎರಡರಲ್ಲಿ ಯಾವುದನ್ನು ಹೇಳಿದರೂ ಚಿಕ್ಕಮ್ಮನ ಸಂಜೆಗಳು ಉಳಿಯುತ್ತವೆ. ಆದರೆ ಆ ಮನುಷ್ಯ ನನ್ನೆದುರು ಸುಲಿದ ಅಂಗೈ ಚಾಚಿಕೊಂಡು, ನಾನು ನಿಜ ಹೇಳುತ್ತೇನೆಂದು ನಂಬಿ ನಿಂತಿದ್ದರು. ಅವರ ಬದುಕನ್ನು ಅವರಿಗೆ ಗೊತ್ತಿಲ್ಲದೆ ತೀರ್ಮಾನಿಸಲು, ಒಂದು ಮೊಳ ಎತ್ತರದ ವೀರ ನಾನು ಯಾರು?

“ಆ ಇಬ್ರು ಸರಿಹೋದ್ರು ಅಂದಿದ್ನಲ್ಲ,” ಎಂದೆ, “ಅವರು ಇರಲೇ ಇಲ್ಲ.”

“ಗೊತ್ತಿತ್ತು. ಅವರ ಹೆಸರು ಕೇಳಿದಾಗೆಲ್ಲ ನೀನು ಬೇರೆ ಬೇರೆ ಹೇಳ್ತಿದ್ದೆ.”

“ಇನ್ನೊಂದಿದೆ ಯಜಮಾನ್ರೇ. ಮೊದಲನೇ ಪಾಠ ನಿಮಗೆ ಹೇಳಿಸೇ ಇಲ್ಲ.”

ನಾನೇ ಕರೆದುಕೊಂಡು ಹೋಗಿ ಎರಡು ಮೀಟರಿನಲ್ಲಿ ನಿಲ್ಲಿಸಿದೆ. ಕೈ ಚಾಚಿದರೆ ಅವರ ಬೆನ್ನು ನನಗೆ ಸಿಗುವಷ್ಟು ಎತ್ತರ. ಅಲ್ಲಿ ಕೈ ಬಿಡಲು ಅವರಿಗೆ ಆರು ನಿಮಿಷ ಬೇಕಾಯಿತು. ಬಿಟ್ಟರು. ಯಂತ್ರ ಉಸಿರೆಳೆದಂತೆ ಸದ್ದು ಮಾಡಿ ಅವರನ್ನು ನೆಲಕ್ಕಿಟ್ಟಿತು. ಮತ್ತೆ ಎರಡು. ಆಮೇಲೆ ಎರಡೂವರೆ. ನಾಲ್ಕರಲ್ಲಿ ಸಿಕ್ಕಿಕೊಂಡರು, ಮೂರಕ್ಕೆ ಇಳಿದು ಮತ್ತೆ ಶುರುಮಾಡಿದರು. ಕತ್ತಲಾಗುವ ಮೊದಲು ತುದಿಯಲ್ಲಿದ್ದರು. ಕೆನ್ನೆಯನ್ನು ಗೋಡೆಯಿಂದ ತೆಗೆದು, ಹಗ್ಗವನ್ನು ಒಮ್ಮೆ ನೋಡಿ, ಬೆರಳು ಬಿಚ್ಚಿದರು. ಇಳಿಯುವಾಗ ಅವರ ಕಾಲುಗಳು ತಾವಾಗಿಯೇ ಮಡಚಿ ಗೋಡೆಯನ್ನು ಮೆತ್ತಗೆ ಒದೆಯುತ್ತಿದ್ದವು, ಎದುರಿಗಿರುವುದು ಗಾಜು ಎಂಬಂತೆ.

ಆಮೇಲೂ ಐದು ಸಲ ಹತ್ತಿ ಐದು ಸಲ ಬಿಟ್ಟರು. ನಗಲಿಲ್ಲ. ಹೊರಗೆ ಹೋಗಿ ಫೋನಿನಲ್ಲಿ, “ಸೋಮವಾರ ಬರ್ತೀನಿ,” ಎಂದರು. ಒಳಗೆ ಬಂದು, “ಗಿಟ್ಟಿತು ತಮ್ಮಾ, ಇನ್ನು ಕಟ್ಟಲ್ಲ,” ಎಂದರು.

“ವರ್ಷದ ಗಿರಾಕೀನ ಒಂದೇ ಸಂಜೇಲಿ ಕಳ್ಕೊಂಡ್ಯಲ್ಲೋ ದಡ್ಡ,” ಎಂದರು ಗ್ವಾಕ್.

ಮರುದಿನ ಲಕೋಟೆ ಹಿಡಿದು ಮಾರ್ಕೆಟ್ಟಿಗೆ ಹೋದೆ. ಚಿಕ್ಕಮ್ಮ ಇಕ್ಕಳದಿಂದ ಮೂಲಂಗಿ ಕಿಮ್ಚಿಯನ್ನು ಡಬ್ಬಿಗೆ ತುಂಬುತ್ತಿದ್ದರು. ಲಕೋಟೆಯನ್ನು ನೋಡಿದರು, ಮುಟ್ಟಲಿಲ್ಲ.

“ನಿನ್ನೆ ಬಂದು ‘ಸೋಮವಾರ ಸೊಂಗ್ದೋದಲ್ಲಿ ಕೆಲಸ’ ಅಂದ್ರು. ಅಷ್ಟೇ ಅಂದ್ರು. ಯಾರು ಹೇಳಿಕೊಟ್ರು?”

“ನಾನೇ ಚಿಕ್ಕಮ್ಮ.”

ಬೈಯುತ್ತಾರೆಂದು ಕಾದೆ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಒಬ್ಬ ಗಿರಾಕಿ ಬಂದರು, ಚಿಕ್ಕಮ್ಮ ತೂಗಿ ಕೊಟ್ಟರು, ಚಿಲ್ಲರೆ ಕೊಟ್ಟರು.

“ಎಷ್ಟು ಎತ್ತರದಿಂದ ಬಿಟ್ರು?”

“ಹನ್ನೆರಡು ಮೀಟರು.”

“ಸೊಂಗ್ದೋದ ಕಟ್ಟಡ ಮೂವತ್ತೊಂದು ಮಹಡಿ.”

ಅವರು ಏಪ್ರನ್ನಿಗೆ ಕೈ ಒರೆಸಿಕೊಂಡು ಫೋನ್ ತೆಗೆದು ನನ್ನ ಕೈಗಿಟ್ಟರು. “ಹಳೇ ಫೋನಲ್ಲಿ ಗಾಳಿ ಎಷ್ಟಿದೆ ಅಂತ ನೋಡೋ ಆ್ಯಪ್ ಇತ್ತು. ಇದು ಚಳಿಗಾಲದಲ್ಲಿ ಕೊಂಡಿದ್ದು, ಇದಕ್ಕೆ ಹಾಕಿಸಿರಲಿಲ್ಲ. ಹಾಕಿಕೊಡು.”

ಗಾಳಿ ಸೆಕೆಂಡಿಗೆ ಹತ್ತು ಮೀಟರ್ ಮುಟ್ಟಿದರೆ ಹಗ್ಗದ ಕೆಲಸ ನಿಲ್ಲಿಸುತ್ತಾರೆ. ತಾಕ್ ಅವರೇ ಬೆಂಚಿನ ಮೇಲೆ ಕೂತು ಹೇಳಿದ್ದರು. ನಾನು ಸೊಂಗ್ದೋ ಎಂದು ಹಾಕಿ, ಸೋಮವಾರವನ್ನು ತೆರೆದೆ.

“ಬೆಳಿಗ್ಗೆ ಗಾಳಿ ನಾಲ್ಕು ಮೀಟರ್.”

“ಮಧ್ಯಾಹ್ನ?”

“ಆರು.”

“ಸಂಜೇದೂ ನೋಡು.”

“ಒಂಬತ್ತು, ಚಿಕ್ಕಮ್ಮ.”

ಅವರು ಫೋನನ್ನು ವಾಪಸು ತೆಗೆದುಕೊಂಡು, ದೂರ ಹಿಡಿದು, ಆ ಅಂಕಿಯನ್ನು ತಾವೇ ಓದಿದರು.

“ಒಂಬತ್ತಕ್ಕೆ ಕೆಲಸ ನಿಲ್ಲಿಸಲ್ಲ ತಂಡದೋರು,” ಎಂದರು. ಫೋನನ್ನು ತಕ್ಕಡಿಯ ಪಕ್ಕ, ಮುಖ ಮೇಲೆ ಮಾಡಿ ಇಟ್ಟು, ಮತ್ತೆ ಇಕ್ಕಳ ಕೈಗೆತ್ತಿಕೊಂಡರು.